ಉತ್ತರ ಸರಿ, ಲೆಕ್ಕ ತಪ್ಪು

ಒಂದು, ಎರಡು, ಹದಿನಾರು. ಕಳಿಸಿದವರು ಹೇಳಿಕೊಂಡ ಉದ್ದಕ್ಕೆ ಈ ಮೂರನ್ನೂ ಕೂಡಿಸು; ಮೊತ್ತ ನಿಜವಾಗಿ ಬಂದದ್ದಕ್ಕಿಂತ ಹೆಚ್ಚಾದರೆ ಸಂದೇಶವನ್ನು ಸದ್ದಿಲ್ಲದೆ ಎಸೆದುಬಿಡು. 2014ರ ಏಪ್ರಿಲ್ 7ರಂದು ಜಗತ್ತಿನಾದ್ಯಂತ ಸರ್ವರ್ ನೋಡಿಕೊಳ್ಳುವವರು ತುರ್ತಾಗಿ ಅಳವಡಿಸಿಕೊಳ್ಳಬೇಕಾಗಿ ಬಂದ ರಿಪೇರಿಯ ತಿರುಳು ಇಷ್ಟೇ. ಮೂರನೇ ತರಗತಿಯ ಕೂಡುವ ಲೆಕ್ಕ. ಅದೊಂದು ಇಲ್ಲದ್ದರಿಂದ ಎರಡು ವರ್ಷ ಕಾಲ ಲಕ್ಷಾಂತರ ವೆಬ್‌ಸೈಟ್‌ಗಳ ಗುಟ್ಟು ಸೋರುವ ಸ್ಥಿತಿಯಲ್ಲಿತ್ತು. ಆ ದೋಷದ ಹೆಸರು ‘ಹಾರ್ಟ್‌ಬ್ಲೀಡ್’. ಅದು ಅಡಗಿದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ.

ಓಪನ್‌ಎಸ್‌ಎಸ್‌ಎಲ್ ಒಂದು ಗೂಢಲಿಪಿ ಲೈಬ್ರರಿ. ಅಂದರೆ ಬೇರೆ ಬೇರೆ ತಂತ್ರಾಂಶಗಳು ಕರೆದು ಕೆಲಸ ಮಾಡಿಸಿಕೊಳ್ಳುವ ಕೋಡ್‌ಗಳ ಕಂತೆ. ನೀವು ಆನ್‌ಲೈನಿನಲ್ಲಿ ಹಣ ಕಳಿಸುವಾಗ ನಿಮ್ಮ ಪಾಸ್‌ವರ್ಡನ್ನು ದಾರಿಯಲ್ಲಿ ಯಾರೂ ಓದಲಾಗದಂತೆ ಕಲಸುವುದು, ಎದುರಿಗಿರುವುದು ನಿಜವಾದ ಬ್ಯಾಂಕೇ ಎಂದು ಸಹಿ ಪರಿಶೀಲಿಸುವುದು, ಹೊಸ ಕೀಲಿ ತಯಾರಿಸುವುದು ಇಂಥ ಲೈಬ್ರರಿಗಳ ಕೆಲಸ. ವೆಬ್ ಸರ್ವರ್ ಬರೆಯುವವರು ಇದನ್ನೆಲ್ಲ ತಾವೇ ಬರೆಯಲು ಹೋಗುವುದಿಲ್ಲ, ಹೋಗಲೂಬಾರದು. ಆಸ್ಟ್ರೇಲಿಯದ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಬರೆದಿದ್ದ ಹಳೆಯ ಕೋಡನ್ನು ಬುನಾದಿ ಮಾಡಿಕೊಂಡು 1998ರ ಕೊನೆಯಲ್ಲಿ ಹುಟ್ಟಿದ ಓಪನ್‌ಎಸ್‌ಎಸ್‌ಎಲ್ ಅನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಿಡಿಗಾಸು ಕೊಡದೆ ಬಳಸಬಹುದು. ಹಾಗಾಗಿ ಜಗತ್ತೆಲ್ಲ ಬಳಸಿತು.

ಲೈಬ್ರರಿಯೆಂಬ ಈ ಯಂತ್ರಕ್ಕೊಂದು ವಿಚಿತ್ರ ಗುಣವಿದೆ. ಸಂಬಳದ ಲೆಕ್ಕ ಮಾಡುವ ಪ್ರೋಗ್ರಾಮು ಸರಿಯಾದ ಉತ್ತರ ಕೊಟ್ಟರೆ ಸಾಕು, ಅದು ಸರಿಯಾದ ಪ್ರೋಗ್ರಾಮು. ಗೂಢಲಿಪಿ ಲೈಬ್ರರಿಯ ವಿಷಯ ಹಾಗಲ್ಲ. ಅದು ಕೊಡುವ ಪ್ರತಿಯೊಂದು ಉತ್ತರವೂ ಸರಿಯಿದ್ದು, ಲೈಬ್ರರಿ ಮಾತ್ರ ಪೂರ್ತಿ ಕೆಟ್ಟಿರಬಹುದು. ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು, ಕೆಲಸ ಮುಗಿದ ಮೇಲೆ ಏನನ್ನು ಅಳಿಸದೆ ಉಳಿಸಿತು, ಸುಳ್ಳು ಹೇಳುವವರ ಮುಂದೆ ಹೇಗೆ ನಡೆದುಕೊಂಡಿತು ಎಂಬುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ರಿಪೇರಿಗಳ ಚರಿತ್ರೆ ನೋಡುತ್ತ ಹೋದರೆ ಗಣಿತವೇ ಕೈಕೊಟ್ಟ ಪ್ರಸಂಗ ಅಪರೂಪ. ಕೈಕೊಟ್ಟದ್ದು ಹೆಚ್ಚಾಗಿ ಗಣಿತದ ಸುತ್ತಲಿನ ಸಣ್ಣಪುಟ್ಟ ಕೆಲಸ.

ಹಾರ್ಟ್‌ಬ್ಲೀಡನ್ನೇ ನೋಡಿ. ‘ಹಾರ್ಟ್‌ಬೀಟ್’ ಎಂಬುದು ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ವಿಚಾರಿಸಿಕೊಳ್ಳುವ ಪುಟ್ಟ ಸೌಲಭ್ಯ. 2012ರ ಮಾರ್ಚ್‌ನಲ್ಲಿ ಬಂದ 1.0.1 ಆವೃತ್ತಿಯಲ್ಲಿ ಅದು ಸೇರಿತು. ಒಂದು ಕಡೆಯವರು ಒಂದಿಷ್ಟು ಬೈಟ್ ಕಳಿಸಿ, ಜೊತೆಗೆ ಅದರ ಉದ್ದವನ್ನೂ ಹೇಳುತ್ತಾರೆ. ಇನ್ನೊಂದು ಕಡೆಯವರು ಅಷ್ಟನ್ನೇ ವಾಪಸ್ ಕಳಿಸಬೇಕು. ಸಂದೇಶದ ಬಗೆ ತಿಳಿಸಲು 1 ಬೈಟ್, ಉದ್ದ ತಿಳಿಸಲು 2 ಬೈಟ್, ಆಮೇಲೆ ಸಂದೇಶ, ಕೊನೆಗೆ ಕನಿಷ್ಠ 16 ಬೈಟ್‌ನ ಭರ್ತಿ. ಮೊದಲು ಹೇಳಿದ ಮೂರು ಸಂಖ್ಯೆಗಳು ಬಂದದ್ದು ಇಲ್ಲಿಂದ.

ಮೂರು ಬೈಟ್ ಕಳಿಸಿ ‘ಇದು ಮೂರು ಬೈಟ್’ ಎಂದರೆ ಮೂರೇ ಮರಳಿ ಬರುತ್ತಿತ್ತು. ಮೂರು ಬೈಟ್ ಕಳಿಸಿ ‘ಇದು 65,535 ಬೈಟ್’ ಎಂದರೆ? ಲೈಬ್ರರಿ ಆ ಮಾತನ್ನು ನಂಬಿ, ಮೆಮೊರಿಯಲ್ಲಿ ಆ ಮೂರು ಬೈಟ್‌ನ ಪಕ್ಕ ಬಿದ್ದಿದ್ದನ್ನೆಲ್ಲ ಬಾಚಿ 64 ಕಿಲೋಬೈಟ್‌ವರೆಗೂ ಕೊಟ್ಟು ಕಳಿಸುತ್ತಿತ್ತು. ಆ ರಾಶಿಯಲ್ಲಿ ಬೇರೆ ಯಾರದೋ ಪಾಸ್‌ವರ್ಡ್ ಇರಬಹುದು, ಸರ್ವರ್‌ನ ಖಾಸಗಿ ಕೀಲಿಯೇ ಇರಬಹುದು. ಎಷ್ಟು ಸಲ ಬೇಕಾದರೂ ಕೇಳಬಹುದು. ಸರ್ವರ್‌ನ ಮಾಮೂಲು ದಾಖಲೆಗಳಲ್ಲಿ ಕೇಳಿದ ಗುರುತೂ ಉಳಿಯುವುದಿಲ್ಲ. ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನೋಮಿಕಾನ್ ಕಂಪನಿಯ ಎಂಜಿನಿಯರುಗಳು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇದನ್ನು ಪತ್ತೆ ಹಚ್ಚಿದರು. ಖಾಸಗಿ ಕೀಲಿಯೂ ಸೋರುತ್ತದೆಯೇ ಎಂಬ ಅನುಮಾನ ಕೆಲವರಿಗಿತ್ತು. ಕ್ಲೌಡ್‌ಫ್ಲೇರ್ ಕಂಪನಿ ಬೇಕೆಂದೇ ದೋಷವಿರುವ ಒಂದು ಸರ್ವರ್ ಇಟ್ಟು, ಕೀಲಿ ಕದ್ದು ತೋರಿಸಿ ಎಂದು ಸವಾಲೊಡ್ಡಿತು. ಅದೇ ದಿನ ಕದ್ದು ತೋರಿಸಿದರು. ಕೆನಡಾದ ಕಂದಾಯ ಇಲಾಖೆಯಿಂದ ಸುಮಾರು 900 ತೆರಿಗೆದಾರರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾದವು.

ಎರಡು ವರ್ಷ ಇದು ಯಾಕೆ ಕಣ್ಣಿಗೆ ಬೀಳಲಿಲ್ಲ? ಪ್ರಾಮಾಣಿಕವಾಗಿ ಕೇಳಿದವರಿಗೆಲ್ಲ ಅದು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ನೆಟ್ಟಗಿನ ಸಂದೇಶ ಕಳಿಸಿ ಸಾವಿರ ಸಲ ಪರೀಕ್ಷಿಸಿದರೆ ಸಾವಿರ ಸಲವೂ ಪಾಸು. ಇನ್ನೊಂದು ಕಾರಣ ಹಳೆಯ ಕಾಲದ ಆತುರ. ವೇಗಕ್ಕಾಗಿ ಓಪನ್‌ಎಸ್‌ಎಸ್‌ಎಲ್ ಮೆಮೊರಿ ಹಂಚಿಕೆಗೆ ತನ್ನದೇ ಏರ್ಪಾಟು ಮಾಡಿಕೊಂಡಿತ್ತು. ಬಳಸಿ ಮುಗಿದ ತುಂಡನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸದೆ ಕೈಯಲ್ಲೇ ಇಟ್ಟುಕೊಂಡು ಮತ್ತೆ ಬಳಸುತ್ತಿತ್ತು. ಓಪನ್‌ಬಿಎಸ್‌ಡಿಯಂಥ ಎಚ್ಚರದ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಗಡಿ ಮೀರಿ ಓದುವ ಪ್ರೋಗ್ರಾಮನ್ನು ಹಿಡಿಯುವ ಕಾವಲು ಇತ್ತು. ಲೈಬ್ರರಿಯ ಸ್ವಂತ ಏರ್ಪಾಟಿನಿಂದಾಗಿ ಆ ಕಾವಲಿಗೆ ಕೆಲಸವೇ ಇಲ್ಲದಂತಾಯಿತು.

ಸುಳ್ಳು ಹೇಳುವವರು ಯಾರೂ ಇಲ್ಲದೆಯೂ ಲೈಬ್ರರಿ ಕೆಡಬಹುದು. 2006ರಲ್ಲಿ ಡೆಬಿಯನ್ ಲಿನಕ್ಸ್‌ನವರು ಓಪನ್‌ಎಸ್‌ಎಸ್‌ಎಲ್ ಅನ್ನು ತಮ್ಮ ವ್ಯವಸ್ಥೆಗೆ ಸೇರಿಸಿಕೊಳ್ಳುವಾಗ, ದೋಷ ಹುಡುಕುವ ಒಂದು ಸಾಧನ ಎಚ್ಚರಿಕೆ ಕೊಡುತ್ತಿತ್ತು: ಬೆಲೆ ತುಂಬದ ಮೆಮೊರಿಯನ್ನು ಈ ಕೋಡು ಓದುತ್ತಿದೆ. ಎಚ್ಚರಿಕೆ ನಿಲ್ಲಲೆಂದು ಎರಡು ಕಡೆ ಒಂದೇ ಥರ ಕಾಣುವ ಸಾಲುಗಳನ್ನು ತೆಗೆದರು. ಅವುಗಳಲ್ಲೊಂದು ಕೀಲಿ ತಯಾರಿಗೆ ಬೇಕಾದ ಯಾದೃಚ್ಛಿಕತೆಯನ್ನು, ಅಂದರೆ ಯಾರೂ ಊಹಿಸಲಾಗದ ಕಚ್ಚಾ ಸಂಖ್ಯೆಗಳನ್ನು, ಒಳಗೆ ಬೆರೆಸುವ ಸಾಲಾಗಿತ್ತು. ಅದು ಹೋದ ಮೇಲೆ ಉಳಿದದ್ದು ಚಾಲನೆಯಲ್ಲಿರುವ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಮ್ ಕೊಡುವ ಗುರುತು ಸಂಖ್ಯೆ ಮಾತ್ರ. ಅದು ಹೆಚ್ಚೆಂದರೆ 32,768. ಕಳ್ಳರು ಅಷ್ಟೂ ಕೀಲಿಗಳನ್ನು ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ತಿರುವಿ ನೋಡಬಹುದಿತ್ತು. ಹಾಗಿದ್ದೂ ಹುಟ್ಟಿದ ಪ್ರತಿ ಕೀಲಿಯೂ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಸಂದೇಶ ಮುಚ್ಚುತ್ತಿತ್ತು, ತೆರೆಯುತ್ತಿತ್ತು. 2008ರ ಮೇ 13ರಂದು ವಿಷಯ ಹೊರಬಂದಾಗ ಕೋಡು ತಿದ್ದಿದರೆ ಸಾಲುತ್ತಿರಲಿಲ್ಲ. ಆ ಇಪ್ಪತ್ತು ತಿಂಗಳಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಹುಡುಕಿ ಬಿಸಾಕಿ ಹೊಸದು ಮಾಡಬೇಕಿತ್ತು.

ಇನ್ನು ಕಾಲದ ಲೆಕ್ಕ. ಬಂದ ಸಂದೇಶವನ್ನು ದಾರಿಯಲ್ಲಿ ಯಾರಾದರೂ ತಿದ್ದಿದ್ದಾರೆಯೇ ಎಂದು ತಿಳಿಯಲು ಅದರ ಜೊತೆ 16 ಬೈಟ್‌ನ ಒಂದು ಮುದ್ರೆ ಇರುತ್ತದೆ ಎಂದುಕೊಳ್ಳಿ. ಲೈಬ್ರರಿ ತಾನೂ ಮುದ್ರೆ ಲೆಕ್ಕ ಹಾಕಿ ಎರಡನ್ನೂ ಹೋಲಿಸುತ್ತದೆ. ಜಾಣ ಪ್ರೋಗ್ರಾಮರ್ ಬರೆದ ಹೋಲಿಕೆ ಮೊದಲ ಬೈಟ್ ತಪ್ಪಿದ್ದರೆ ಅಲ್ಲೇ ನಿಲ್ಲುತ್ತದೆ. ಮುಂದಿನದನ್ನು ನೋಡಿ ಏನು ಪ್ರಯೋಜನ? ಆದರೆ ಮೊದಲ ಬೈಟ್ ಸರಿಯಿದ್ದರೆ ಒಂದು ಹೆಜ್ಜೆ ಮುಂದೆ ಹೋಗುವುದರಿಂದ ಉತ್ತರ ಕೂದಲೆಳೆಯಷ್ಟು ತಡವಾಗುತ್ತದೆ. ಸೈಕಲ್ಲಿನ ನಂಬರ್ ಬೀಗಕ್ಕೆ ನಾಲ್ಕು ಚಕ್ರಗಳಿದ್ದರೆ ಹತ್ತು ಸಾವಿರ ಸಲ ತಿರುಗಿಸಬೇಕಾದೀತು. ಒಂದೊಂದು ಚಕ್ರ ಸರಿಯಾದಾಗಲೂ ಬೀಗ ‘ಟಿಕ್’ ಎಂದರೆ ನಲವತ್ತೇ ಸಾಕು. ಇಲ್ಲಿಯೂ ಅದೇ. ಇಡೀ ಮುದ್ರೆಯನ್ನು ಒಮ್ಮೆಗೇ ಊಹಿಸಲು 2ರ ಘಾತ 128ರಷ್ಟು ಸಾಧ್ಯತೆಗಳು, ಜಗತ್ತಿನ ಎಲ್ಲ ಕಂಪ್ಯೂಟರು ಸೇರಿದರೂ ಮುಗಿಯದು. ಬೈಟ್ ಬೈಟಾಗಿ ಊಹಿಸಲು ಹೆಚ್ಚೆಂದರೆ 16 ಗುಣಿಸು 256, ಅಂದರೆ 4,096. ಆ ಸೂಕ್ಷ್ಮ ವ್ಯತ್ಯಾಸ ಗದ್ದಲದಲ್ಲಿ ಮುಳುಗದಂತೆ ಪ್ರತಿಯೊಂದನ್ನೂ ಅನೇಕ ಸಲ ಅಳೆಯಬೇಕು, ಅಷ್ಟೇ.

ಗಡಿಯಾರ ಹಿಡಿದು ಕೀಲಿ ಕದಿಯಬಹುದೆಂದು ಅಮೆರಿಕದ ಪಾಲ್ ಕೋಚರ್ 1996ರಲ್ಲಿ ತೋರಿಸಿದ್ದರು. ಅದು ಸ್ಮಾರ್ಟ್ ಕಾರ್ಡ್‌ನಂಥ ಪುಟ್ಟ ಸಾಧನಗಳ ಪಾಡು, ನೆಟ್‌ವರ್ಕ್‌ನಾಚೆಯ ಸರ್ವರ್‌ಗೆ ಅಂಟದು ಎಂಬ ಸಮಾಧಾನವಿತ್ತು. 2003ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಬ್ರಮ್ಲಿ ಮತ್ತು ಡ್ಯಾನ್ ಬೋನೆ ಅದೇ ನೆಟ್‌ವರ್ಕಿನ ಇನ್ನೊಂದು ಯಂತ್ರದಲ್ಲಿ ಕುಳಿತು ಓಪನ್‌ಎಸ್‌ಎಸ್‌ಎಲ್ ಸರ್ವರ್‌ನ 1,024 ಬಿಟ್ ಆರ್‌ಎಸ್‌ಎ ಕೀಲಿಯನ್ನೇ ಬಿಡಿಸಿಬಿಟ್ಟರು. ರಿಪೇರಿಯಾಗಿ ಬಂದದ್ದು ಕಣ್ಕಟ್ಟಿನಂಥ ಉಪಾಯ. ಬಂದ ಸಂಖ್ಯೆಯನ್ನು ಪ್ರತಿ ಸಲವೂ ಹೊಸದೊಂದು ಯಾದೃಚ್ಛಿಕ ಸಂಖ್ಯೆ ಬೆರೆಸಿ ಮರೆಮಾಚಿ, ಲೆಕ್ಕ ಮುಗಿದ ಮೇಲೆ ಬೆರಕೆಯನ್ನು ಕಳೆದುಬಿಡುವುದು. ಉತ್ತರ ಅದೇ, ಹಿಡಿದ ಹೊತ್ತಿಗೂ ಕಳಿಸಿದ ಸಂಖ್ಯೆಗೂ ಸಂಬಂಧ ಮಾತ್ರ ಹರಿಯಿತು. ಮುದ್ರೆ ಹೋಲಿಸುವ ಕೋಡಿಗೂ ಈಗ ಬೇರೆ ಶಿಸ್ತು. ಮೊದಲ ಬೈಟಿನಲ್ಲೇ ತಪ್ಪು ಕಂಡರೂ ಹದಿನಾರನೆಯದರವರೆಗೆ ಹೋಗಿ, ವ್ಯತ್ಯಾಸಗಳನ್ನೆಲ್ಲ ಒಂದೆಡೆ ಕೂಡಿಹಾಕಿ ಕೊನೆಯಲ್ಲಿ ಒಮ್ಮೆ ಮಾತ್ರ ಹೌದು, ಅಲ್ಲ ಎನ್ನಬೇಕು. ಬೇರೆ ಕಡೆ ದಡ್ಡತನ ಎನಿಸುವ ಕೋಡು ಇಲ್ಲಿ ಒಳ್ಳೆಯ ಕೋಡು.

ಆದರೆ ಪ್ರೋಗ್ರಾಮರ್ ದಡ್ಡತನ ಬಯಸಿದರೂ ಕಂಪೈಲರ್ ಒಪ್ಪಬೇಕಲ್ಲ! ಮನುಷ್ಯ ಬರೆದ ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರಿಗೆ ಉತ್ತರ ಸರಿಯಿದ್ದರೆ ಸಾಕು, ಉಳಿದದ್ದನ್ನು ವೇಗಕ್ಕಾಗಿ ಕತ್ತರಿಸುತ್ತದೆ. ಕೆಲಸ ಮುಗಿದ ಮೇಲೆ ಖಾಸಗಿ ಕೀಲಿ ಇದ್ದ ಜಾಗಕ್ಕೆ ಸೊನ್ನೆ ತುಂಬಿ ಅಳಿಸಿಬಿಡು ಎಂದು ಬರೆದಿರುತ್ತೀರಿ. ಆ ಸೊನ್ನೆಗಳನ್ನು ಮುಂದೆ ಯಾರೂ ಓದುವುದಿಲ್ಲ, ಹಾಗಾದರೆ ಬರೆಯುವುದೇಕೆ ಎಂದು ಕಂಪೈಲರ್ ಆ ಸಾಲನ್ನೇ ಕಿತ್ತು ಹಾಕುತ್ತದೆ. ಕೀಲಿ ಮೆಮೊರಿಯಲ್ಲೇ ಉಳಿಯುತ್ತದೆ, ಹಾರ್ಟ್‌ಬ್ಲೀಡ್‌ನಂಥದ್ದು ಬಂದು ಬಾಚಿಕೊಳ್ಳುವವರೆಗೆ. ಅದಕ್ಕಾಗಿ ಓಪನ್‌ಎಸ್‌ಎಸ್‌ಎಲ್ ಕಂಪೈಲರ್‌ಗೆ ಊಹಿಸಲಾಗದಂತೆ ಅಳಿಸುವ ತನ್ನದೇ ದಾರಿ ಇಟ್ಟುಕೊಂಡಿದೆ. ಸಿ ಭಾಷೆಯ ಹೊಸ ಮಾನದಂಡವಾದ ಸಿ23 ಅಂತೂ ‘ಇದನ್ನು ಖಂಡಿತ ಅಳಿಸಬೇಕು’ ಎನ್ನುವ ಪ್ರತ್ಯೇಕ ಆದೇಶವನ್ನೇ ಸೇರಿಸಿಕೊಂಡಿತು.

ರಿಪೇರಿಯೇ ಹೊಸ ತೂತು ತೆರೆಯುವುದೂ ಉಂಟು. 2013ರಲ್ಲಿ ‘ಲಕ್ಕಿ ಥರ್ಟೀನ್’ ಎಂಬ ಕಾಲ ಅಳೆಯುವ ದಾಳಿ ಹೊರಬಂದಾಗ ಸಂದೇಶದ ಭರ್ತಿಯನ್ನು ಪರಿಶೀಲಿಸುವ ಕೋಡನ್ನು ಯಾವಾಗಲೂ ಒಂದೇ ಹೊತ್ತು ಹಿಡಿಯುವಂತೆ ಹೊಸದಾಗಿ ಬರೆದರು. ಬರೆಯುವಾಗ ಒಂದು ತಪಾಸಣೆ ಕೈಬಿಟ್ಟುಹೋಯಿತು: ಮುದ್ರೆ ಮತ್ತು ಭರ್ತಿ ಎರಡಕ್ಕೂ ಸಾಲುವಷ್ಟು ಬೈಟ್ ನಿಜಕ್ಕೂ ಬಂದಿದೆಯೇ ಎಂಬುದು. ಅದು ಬೆಳಕಿಗೆ ಬಂದದ್ದು ಮೂರು ವರ್ಷ ಕಳೆದು, 2016ರಲ್ಲಿ. ಕಾಲದ ಸೋರಿಕೆ ಮುಚ್ಚಲು ಹೋಗಿ ಉದ್ದದ ಲೆಕ್ಕ ತಪ್ಪಿತ್ತು.

ಹಾಗಾದರೆ ಉತ್ತರ ನೋಡಿ ಪರೀಕ್ಷಿಸಲಾಗದ ಯಂತ್ರವನ್ನು ಪರೀಕ್ಷಿಸುವುದು ಹೇಗೆ? ಹಾರ್ಟ್‌ಬ್ಲೀಡ್ ನಂತರ ಕಲಿತ ಪಾಠವೆಂದರೆ ಕೆಟ್ಟ ಪ್ರಶ್ನೆಗಳನ್ನು ಕೇಳುವುದು. ಫಝಿಂಗ್ ಎಂಬ ವಿಧಾನದಲ್ಲಿ ಒಂದು ಪ್ರೋಗ್ರಾಮು ಹಗಲೂ ರಾತ್ರಿ ಅಡ್ಡಾದಿಡ್ಡಿ ಸಂದೇಶಗಳನ್ನು ಹುಟ್ಟಿಸಿ ಲೈಬ್ರರಿಗೆ ಉಣಿಸುತ್ತದೆ, ಇನ್ನೊಂದು ಅದು ಗಡಿ ಮೀರಿ ಮೆಮೊರಿ ಮುಟ್ಟುತ್ತದೆಯೇ ಎಂದು ಕಾಯುತ್ತದೆ. ಈ ವಿಧಾನ ಬಳಸಿದ್ದರೆ ಹಾರ್ಟ್‌ಬ್ಲೀಡ್ ಕೆಲವೇ ಗಂಟೆಗಳಲ್ಲಿ ಸಿಗುತ್ತಿತ್ತೆಂದು 2015ರಲ್ಲಿ ಹಾನೋ ಬ್ಯೋಕ್ ಎಂಬವರು ಮಾಡಿ ತೋರಿಸಿದರು. 2016ರ ಡಿಸೆಂಬರ್‌ನಲ್ಲಿ ಗೂಗಲ್ ಮುಕ್ತ ತಂತ್ರಾಂಶಗಳಿಗೆಂದೇ ಇಂಥ ಸೇವೆ ಆರಂಭಿಸಿತು. ಅದೇ ತಿಂಗಳು ಬಂದ ‘ವೈಚ್‌ಪ್ರೂಫ್’ ಎಂಬ ಪರೀಕ್ಷಾ ಕಟ್ಟು ಹಿಂದೆ ನಡೆದ ದಾಳಿಗಳನ್ನೇ ಪ್ರಶ್ನೆಪತ್ರಿಕೆ ಮಾಡಿಕೊಂಡು ಲೈಬ್ರರಿಗಳನ್ನು ಕೂರಿಸಿ ಕೇಳುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಕೋಡು ಎಲ್ಲ ಸಂದರ್ಭದಲ್ಲೂ ಸರಿ ಎಂದು ಗಣಿತದಿಂದಲೇ ಸಾಧಿಸುತ್ತಾರೆ. 2017ರ ಫೈರ್‌ಫಾಕ್ಸ್ 57ರಲ್ಲಿ ಹಾಗೆ ಸಾಧಿಸಿದ ಗೂಢಲಿಪಿ ಕೋಡು ಸೇರಿತು.

ಓಪನ್‌ಬಿಎಸ್‌ಡಿ ತಂಡ ಹಿಡಿದದ್ದು ಕತ್ತರಿ. 2014ರ ಏಪ್ರಿಲ್‌ನಲ್ಲೇ ಓಪನ್‌ಎಸ್‌ಎಸ್‌ಎಲ್‌ನ ಪ್ರತಿ ಮಾಡಿಕೊಂಡು ಲಿಬ್ರೆಎಸ್‌ಎಸ್‌ಎಲ್ ಎಂಬ ಕವಲು ತೆರೆದವರು ಮೊದಲ ವಾರದಲ್ಲೇ ಸುಮಾರು 90,000 ಸಾಲು ಕಿತ್ತು ಹಾಕಿದರು. ಹಳೆಯ ಮ್ಯಾಕ್‌ಗೆ, 16 ಬಿಟ್ ವಿಂಡೋಸ್‌ಗೆ ಬೇಕಾಗಿದ್ದ ಕೋಡೆಲ್ಲ ಅಲ್ಲಿ ಇನ್ನೂ ಕೂತಿತ್ತು. ಇಲ್ಲದ ಸಾಲಿನಲ್ಲಿ ಬಗ್ ಇರಲಾರದು.

ಇಷ್ಟೆಲ್ಲ ಕೆಲಸ ಮೊದಲೇ ಯಾಕೆ ಆಗಲಿಲ್ಲ ಎಂದರೆ ಉತ್ತರ ತಂತ್ರಜ್ಞಾನದಲ್ಲಿಲ್ಲ. ಹಾರ್ಟ್‌ಬ್ಲೀಡ್ ಬಂದಾಗ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಅದನ್ನು ಬಳಸಿ ಕೋಟ್ಯಂತರ ಗಳಿಸುತ್ತಿದ್ದ ಕಂಪನಿಗಳಿಗೆ ಕೋಡು ತೆರೆದಿದೆ, ಯಾರೋ ಓದಿರುತ್ತಾರೆ ಎಂಬ ನಂಬಿಕೆ. ತೆರೆದಿಟ್ಟದ್ದನ್ನೆಲ್ಲ ಯಾರಾದರೂ ಓದಿಯೇ ಓದುತ್ತಾರೆಂದು ಹೇಳಲಾಗದು. ಹಾರ್ಟ್‌ಬ್ಲೀಡ್ ಬಯಲಾದ ತಿಂಗಳಲ್ಲೇ ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳನ್ನು ಕೂಡಿಸಿ ನಿಧಿಯೊಂದನ್ನು ಹುಟ್ಟುಹಾಕಿತು. ಓದುವವರಿಗೂ ತಿದ್ದುವವರಿಗೂ ಸಂಬಳ ಬಂತು.

ದೋಷಗಳು ಅಲ್ಲಿಗೆ ನಿಲ್ಲಲಿಲ್ಲ. 2022ರ ಅಕ್ಟೋಬರ್ 25ರಂದು ಓಪನ್‌ಎಸ್‌ಎಸ್‌ಎಲ್ ತಂಡ ಮುಂಚಿತವಾಗಿಯೇ ಪ್ರಕಟಿಸಿತು: ನವೆಂಬರ್ 1ರಂದು ಗಂಭೀರ ದೋಷವೊಂದಕ್ಕೆ ಪರಿಹಾರ ಬರಲಿದೆ, ಸಿದ್ಧರಾಗಿರಿ. ಬಂದದ್ದನ್ನು ನೋಡಿದರೆ, ಎದುರಿಗಿರುವವರ ಗುರುತು ಸಾರುವ ಪ್ರಮಾಣಪತ್ರದೊಳಗಿನ ಇಮೇಲ್ ವಿಳಾಸ ಓದುವಾಗ ಗಡಿ ಮೀರಿ ನಾಲ್ಕು ಬೈಟ್ ಬರೆಯುವ ತಪ್ಪು. ಮತ್ತೆ ಅದೇ ಉದ್ದದ ಲೆಕ್ಕ. ಪರಿಶೀಲನೆಯ ಬಳಿಕ ತಂಡವೇ ಅದರ ಗಂಭೀರತೆಯನ್ನು ಒಂದು ಮೆಟ್ಟಿಲು ಇಳಿಸಿತು. ತಪ್ಪಿನ ಜಾತಿ ಬದಲಾಗಿರಲಿಲ್ಲ. ಆದರೆ ಈ ಸಲ ಸರ್ವರ್ ನೋಡಿಕೊಳ್ಳುವವರ ಕೈಗೆ ಒಂದು ವಾರ ಮೊದಲೇ ಸುದ್ದಿ ಸಿಕ್ಕಿತ್ತು.

ನಿಮ್ಮ ಫೋನು ಆಗಾಗ ‘ಭದ್ರತಾ ಸುಧಾರಣೆ’ ಎಂದು ಅಪ್‌ಡೇಟ್ ಕೇಳುವುದು ಇಂಥ ತಿದ್ದುಪಡಿಗಳಿಗಾಗಿ. ಹಾಕಿಕೊಂಡ ಮೇಲೆ ಏನೂ ಬದಲಾದಂತೆ ಕಾಣುವುದಿಲ್ಲ ಎಂದು ಗೊಣಗುವವರುಂಟು. ಕಾಣಬಾರದು ಕೂಡ. ಪ್ರಾಮಾಣಿಕ ಬಳಕೆದಾರರಿಗೆ ಮೊದಲೂ ಸರಿಯಾದ ಉತ್ತರವೇ ಸಿಗುತ್ತಿತ್ತು, ಈಗಲೂ ಅದೇ ಸಿಗುತ್ತದೆ. ವ್ಯತ್ಯಾಸ ತಿಳಿಯುವುದು ಮೂರು ಬೈಟ್ ಕಳಿಸಿ 65,535 ಎಂದು ಸುಳ್ಳು ಹೇಳುವವರಿಗೆ ಮಾತ್ರ.