ನಮ್ಮ ಮಾಡು, ಅವರ ನೆಲ

ಹಿಂದೆ ನಮ್ಮವರ ಮನೆಗಳಿಗೆ ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಮಾಡು, ಸುತ್ತ ಸ್ವಲ್ಪವಾದರೂ ಹಿತ್ತಿಲು ಇತ್ತು. ಕಡೆಯುವ ಕಲ್ಲಿನಲ್ಲಿ ಪತ್ತಿರ್‌ಗೆ ಅಕ್ಕಿ ಅರೆದರೂ ಪಕ್ಕದ ಮನೆಗೆ ಕೇಳಿಸುತ್ತಿದ್ದುದು ಅಷ್ಟಕ್ಕಷ್ಟೆ. ಈಗ ಫಳ್ನೀರ್, ಅತ್ತಾವರ, ತೊಕ್ಕೊಟ್ಟು, ದೇರಳಕಟ್ಟೆ ಎಲ್ಲಿ ನೋಡಿದರೂ ಫ್ಲ್ಯಾಟು. ಗಲ್ಫಿನಲ್ಲಿ ಹದಿನೈದಿಪ್ಪತ್ತು ವರ್ಷ ದುಡಿದು, ಬ್ಯಾಂಕ್ ಸಾಲ ಬೇಡವೆಂದು ರೊಕ್ಕ ಕೂಡಿಟ್ಟು ತೆಗೆದುಕೊಂಡ ಮನೆ. ಆದರೆ ಅಲ್ಲಿ ನಮ್ಮ ಮಾಡು ಎಂದರೆ ಇನ್ನೊಬ್ಬರ ನೆಲ. ರಾತ್ರಿ ಹನ್ನೊಂದಕ್ಕೆ ಮೇಲಿನವರು ಕುರ್ಚಿ ಎಳೆದರೆ ನಮ್ಮ ಹಾಸಿಗೆಯ ಮೇಲೆಯೇ ಎಳೆದ ಹಾಗೆ.

ಹೀಗೆ ಮನೆ ತೆಗೆದುಕೊಂಡವರಲ್ಲಿ ಹೆಚ್ಚಿನವರ ಲೆಕ್ಕಾಚಾರ ಒಂದೇ. ಈಗ ನಾವು ಇರುವುದು, ಮಕ್ಕಳ ಶಾಲೆ ಮುಗಿದ ಮೇಲೆ ಅಥವಾ ಫ್ಯಾಮಿಲಿ ವೀಸಾ ಆದ ಮೇಲೆ ಬಾಡಿಗೆಗೆ ಕೊಡುವುದು. ‘ಇನ್ನೆರಡು ವರ್ಷ ಹೇಗೋ ಸಹಿಸಿದರೆ ಆಯ್ತಲ್ಲ ಮಾರಾಯ್ರೆ, ಯಾಕೆ ಕಿರಿಕಿರಿ’ ಎಂದು ಸುಮ್ಮನಿರುವವರನ್ನು ನಾವು ಬಹಳ ನೋಡಿದ್ದೇವೆ. ಈ ಲೆಕ್ಕ ಸರಿಯಲ್ಲ. ಇಂದು ನಮಗೆ ನಿದ್ದೆ ಕೊಡದ ಸದ್ದು ನಾಳೆ ಬಾಡಿಗೆಗೆ ಬಂದವರಿಗೂ ನಿದ್ದೆ ಕೊಡುವುದಿಲ್ಲ. ಒಳ್ಳೆಯ ಬಾಡಿಗೆದಾರರು ಆರು ತಿಂಗಳಲ್ಲಿ ಖಾಲಿ ಮಾಡುತ್ತಾರೆ, ಎಂಥ ಸದ್ದಿಗೂ ಜಗ್ಗದವರು ಮಾತ್ರ ಉಳಿಯುತ್ತಾರೆ. ಮಾಲಕ ದಮ್ಮಾಮಿನಲ್ಲಿ ಕೂತು ಫೋನಿನಲ್ಲಿ ಜಗಳ ಬಿಡಿಸುವುದು ಆಗುವ ಮಾತಲ್ಲ. ಸದ್ದಿನ ವಿಷಯ ಇತ್ಯರ್ಥ ಆಗುವುದಿದ್ದರೆ ನಾವು ಅಲ್ಲಿ ವಾಸ ಇರುವಾಗಲೇ ಆಗಬೇಕು.

ಮೊದಲು ಯಾವ ಸದ್ದು ಎಂದು ನೋಡಿಕೊಳ್ಳಬೇಕು. ಮಾತು, ಟಿ.ವಿ., ಹಾಡು ಗಾಳಿಯಲ್ಲಿ ಬರುವಂಥವು. ಅವು ಕಿಟಕಿ, ಬಾಗಿಲ ಸಂದಿನಿಂದ ನುಗ್ಗುತ್ತವೆ. ಕಿಟಕಿ ಮುಚ್ಚಿದರೆ, ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹಾಕಿದರೆ, ದಪ್ಪ ಪರದೆ ಬಿಟ್ಟರೆ ಸ್ವಲ್ಪ ತಗ್ಗುತ್ತವೆ. ನಡೆಯುವುದು, ಕುರ್ಚಿ ಎಳೆಯುವುದು, ಕುಟ್ಟುವುದು, ಗ್ರೈಂಡರ್ ಓಡುವುದು ಬೇರೆ ಜಾತಿಯ ಸದ್ದು. ಅದು ಕಾಂಕ್ರೀಟ್ ಸ್ಲ್ಯಾಬಿನೊಳಗೇ ಹರಿದು ಬರುತ್ತದೆ. ನಾವು ಕೆಳಗೆ ಎಷ್ಟು ಥರ್ಮೊಕೋಲ್ ಅಂಟಿಸಿದರೂ ಪ್ರಯೋಜನ ಕಡಿಮೆ. ಅದಕ್ಕೆ ಮದ್ದು ಮೇಲಿನ ಮನೆಯಲ್ಲೇ ಉಂಟು: ಕುರ್ಚಿ, ಮೇಜಿನ ಕಾಲಿಗೆ ರಬ್ಬರ್ ಬುಶ್, ಗ್ರೈಂಡರ್ ಮತ್ತು ವಾಷಿಂಗ್ ಮೆಶಿನ್ ಅಡಿಗೆ ದಪ್ಪ ರಬ್ಬರ್ ಮ್ಯಾಟ್, ಮಕ್ಕಳು ಆಡುವ ಕೋಣೆಗೆ ಒಂದು ಜಮಖಾನೆ. ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರದೊಳಗಿನ ಖರ್ಚು. ಆದರೆ ಅದನ್ನು ಹಾಕಬೇಕಾದವರು ಅವರು, ಹಾಕಿಸಬೇಕಾದವರು ನಾವು. ಕಷ್ಟ ಇರುವುದು ಇಲ್ಲೇ.

ಹೇಳುವುದಕ್ಕೂ ಒಂದು ಹೊತ್ತು ಉಂಟು. ಸದ್ದು ಆಗುತ್ತಿರುವಾಗಲೇ, ತಲೆ ಬಿಸಿಯಾಗಿರುವಾಗ ಮೇಲೆ ಹತ್ತಿ ಬಾಗಿಲು ಬಡಿದರೆ ಮಾತು ಕೆಡುವುದೇ ಹೆಚ್ಚು. ಮರುದಿನ ಅಸ್ರ್ ಕಳೆದು ಆ ಮನೆಯ ಗಂಡಸರು ಇರುವ ಹೊತ್ತಿಗೆ ಹೋಗಬಹುದು. ಹೆಂಗಸರ ನಡುವೆ ಪರಿಚಯ ಇದ್ದರೆ ಅವರ ಮೂಲಕ ಇನ್ನೂ ಸುಲಭ. ‘ನೀವು ಗಲಾಟೆ ಮಾಡ್ತೀರಿ’ ಎಂದರೆ ಅವರು ಇಲ್ಲ ಎನ್ನುವುದು ಸಹಜ. ‘ರಾತ್ರಿ ಹನ್ನೊಂದರ ಮೇಲೆ ಅಡುಗೆ ಕೋಣೆಯ ಬದಿಯಿಂದ ದಡಬಡ ಕೇಳ್ತದೆ, ನಮ್ಮ ಉಮ್ಮ ಹಾರ್ಟ್ ಪೇಶೆಂಟ್, ನಿದ್ದೆ ಬರುವುದಿಲ್ಲ. ಒಮ್ಮೆ ಬಂದು ಕೇಳಿ ನೋಡಿ ಕಾಕ’ ಎಂದರೆ ಕತೆ ಬೇರೆ. ತಮ್ಮ ಮನೆಯ ಸದ್ದು ಕೆಳಗೆ ಹೇಗೆ ಕೇಳುತ್ತದೆಂದು ಮೇಲಿನ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಕೆಳಗೆ ಕರೆದು ಚಾ ಕೊಟ್ಟು ಕೇಳಿಸುವುದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಡ.

ಇನ್ನೊಂದು ಮಾತು. ರಮಝಾನಿನಲ್ಲಿ ಮೂರೂವರೆಗೆ ಎದ್ದು ಮಿಕ್ಸಿ ಹಾಕುವವರು ನಾವೇ. ಮದುವೆ ಮನೆಯ ಮೆಹಂದಿ ರಾತ್ರಿ ಹನ್ನೆರಡಾದರೂ ಹಾಡು ನಿಲ್ಲಿಸದವರೂ ನಮ್ಮಲ್ಲಿ ಇದ್ದಾರೆ. ನೆರೆಯವನ ಹಕ್ಕಿನ ಬಗ್ಗೆ ಖುತ್ಬಾದಲ್ಲಿ ಕೇಳದವರು ನಮ್ಮಲ್ಲಿ ಯಾರು? ಸಹರಿಯ ಚಟ್ನಿ ರಾತ್ರಿಯೇ ಕಡೆದಿಟ್ಟರೆ ಪಕ್ಕದ ಅನ್ಯಮತೀಯ ಮನೆಯವರಿಗೂ ನಿದ್ದೆ, ನಾಳೆ ನಾವು ದೂರು ಹೇಳುವಾಗ ಮಾತಿಗೂ ತೂಕ.

ಮಾತಿನಲ್ಲಿ ಆಗದಿದ್ದರೆ ಬರವಣಿಗೆ. ತಾರೀಕು, ಹೊತ್ತು, ಎಂಥ ಸದ್ದು ಎಂದು ಎರಡು ವಾರ ಒಂದು ಪುಸ್ತಕದಲ್ಲಿ ಗುರುತು ಹಾಕಿ ಅಸೋಸಿಯೇಶನ್‌ಗೆ ಲಿಖಿತ ದೂರು ಕೊಡಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆಯಡಿ ಬರುವ ಕಟ್ಟಡಗಳಲ್ಲಿ ಬೈಲಾ ಮಾಲಕರಿಗೂ ಬಾಡಿಗೆದಾರರಿಗೂ ಒಂದೇ ರೀತಿ ಅನ್ವಯ. ಡ್ರಿಲ್ಲಿಂಗ್, ಟೈಲ್ಸ್ ಕೆಲಸಕ್ಕೆ ಹೊತ್ತು ನಿಗದಿ ಮಾಡುವುದು, ನೋಟಿಸ್ ಕೊಡುವುದು ಅಸೋಸಿಯೇಶನ್ ಕೈಯಲ್ಲಿರುವ ಕೆಲಸ. ಸಭೆಗೆ ಹೋಗದೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮಾತ್ರ ಜಗಳ ಮಾಡುವ ಚಾಳಿ ಬಿಟ್ಟರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಸರಕಾರದ ಕಾನೂನೂ ಉಂಟು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ನಾವು ಎದುರುಬದುರು ಕೂತು ಮಾತಾಡುವುದೇ ಸುಮಾರು 60 ಡೆಸಿಬೆಲ್ ಆಗುವುದರಿಂದ 45 ಎಷ್ಟು ಕಡಿಮೆ ಎಂದು ಊಹಿಸಬಹುದು. ಬಯಲಿನಲ್ಲಿ ಧ್ವನಿವರ್ಧಕ, ರಾತ್ರಿ ಹೊತ್ತು ಕಟ್ಟಡ ಕೆಲಸದ ಯಂತ್ರ, ಜೋರು ಮ್ಯೂಸಿಕ್ ಇದ್ದರೆ 112ಕ್ಕೆ ಫೋನ್ ಮಾಡಲು ಅಂಜಬೇಕಾಗಿಲ್ಲ. ಆದರೆ ಮಗು ಓಡಿದ ಸದ್ದಿಗೆ, ಕುರ್ಚಿ ಎಳೆದ ಸದ್ದಿಗೆ ಪೊಲೀಸರನ್ನು ಕರೆದರೆ ಅವರು ಬಂದು ಹೋಗುತ್ತಾರೆ, ಹಗೆ ಉಳಿಯುತ್ತದೆ.

ಇನ್ನು ಬಾಡಿಗೆಗೆ ಕೊಡುವ ವಿಷಯ. ನಮ್ಮಲ್ಲಿ ಅಗ್ರಿಮೆಂಟ್ ಎಂದರೆ ಬ್ರೋಕರ್ ತಂದ 11 ತಿಂಗಳ ಅಚ್ಚಿನ ಕಾಗದಕ್ಕೆ ಸೈನ್ ಹಾಕುವುದು. ಬಾಡಿಗೆ, ಅಡ್ವಾನ್ಸ್, ಕರೆಂಟ್ ಬಿಲ್ ಬಿಟ್ಟರೆ ಅದರಲ್ಲಿ ಬೇರೇನೂ ಇರುವುದಿಲ್ಲ. ಬೈಲಾದ ಪ್ರತಿಯನ್ನು ಅದಕ್ಕೆ ಲಗತ್ತಿಸಿ, ರಾತ್ರಿ 10ರ ಮೇಲೆ ನೆರೆಯವರಿಗೆ ತೊಂದರೆಯಾಗುವ ಸದ್ದು ಕೂಡದು, ಎರಡು ಬಾರಿ ಲಿಖಿತ ಎಚ್ಚರಿಕೆಯ ಬಳಿಕವೂ ನಿಲ್ಲದಿದ್ದರೆ ಒಂದು ತಿಂಗಳ ನೋಟಿಸಿನಲ್ಲಿ ಮನೆ ಬಿಡಬೇಕು ಎಂದು ಬರೆಸಬೇಕು. ವಕೀಲರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು. ಕುರ್ಚಿಯ ಬುಶ್, ಗ್ರೈಂಡರ್ ಮ್ಯಾಟ್ ಎಲ್ಲ ನಾವೇ ಹಾಕಿಟ್ಟು ಮನೆ ಕೊಡುವುದು ಇನ್ನೂ ಜಾಣತನ.

ಸದ್ದಿನ ಹೆದರಿಕೆಯಿಂದ ‘ಸ್ಟೂಡೆಂಟ್ಸ್‌ಗೆ ಕೊಡುವುದಿಲ್ಲ, ಬ್ಯಾಚುಲರ್ಸ್‌ಗೆ ಇಲ್ಲ’ ಎಂದು ಬೋರ್ಡ್ ಹಾಕುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಹೆಸರು ಕೇಳಿ ‘ಈಗಷ್ಟೇ ಕೊಟ್ಟಾಯ್ತು’ ಅನ್ನಿಸಿಕೊಂಡು ಬಂದ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ದೇರಳಕಟ್ಟೆಯಲ್ಲಿ ರಾತ್ರಿಯೆಲ್ಲ ಓದುವ ಮೆಡಿಕಲ್ ಹುಡುಗಿಯರಿಗಿಂತ ಮೂರು ಮಕ್ಕಳ ಸಂಸಾರದ ಸದ್ದು ಹೆಚ್ಚಿರುತ್ತದೆ. ಹಿಂದೆ ಬಾಡಿಗೆಗೆ ಇದ್ದ ಮನೆಯ ಮಾಲಕರಿಗೆ ಒಂದು ಫೋನ್ ಮಾಡಿ ವಿಚಾರಿಸಿದರೆ ಸಾಕು, ತಿಳಿಯಬೇಕಾದ್ದು ತಿಳಿಯುತ್ತದೆ.

ಹೊರಡುವ ಮೊದಲು ಮೇಲಿನ, ಕೆಳಗಿನ, ಎದುರಿನ ಮೂರೂ ಮನೆಗಳಿಗೆ ಬಾಡಿಗೆದಾರರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಬೇಕು. ಮಂಗಳೂರಿನಲ್ಲಿ ರಾತ್ರಿ ಹನ್ನೆರಡೂವರೆಯಾದಾಗ ಸೌದಿಯಲ್ಲಿ ಹತ್ತು. ಆ ಹೊತ್ತಿಗೆ ಕೆಳಗಿನ ಮನೆಯವರ ಫೋನ್ ಬಂದರೆ ನಾವು ಎತ್ತಬಹುದು, ಬಾಗಿಲು ತಟ್ಟಲಾಗದು. ಊರಲ್ಲೇ ಇರುವ ಭಾವನದ್ದೋ ತಮ್ಮನದ್ದೋ ನಂಬರನ್ನು ಆ ಮೂರು ಮನೆಯವರಿಗೂ ಅಸೋಸಿಯೇಶನ್ ಸೆಕ್ರೆಟರಿಗೂ ಬರೆದುಕೊಟ್ಟು, ಬೇಕಾದಾಗ ಹೋಗಿ ಮಾತಾಡುವ ಜವಾಬ್ದಾರಿಯನ್ನು ಅವನಿಗೆ ವಹಿಸಿಯೇ ಟಿಕೆಟ್ ಮಾಡಿಸಿ.