ಒಣಸೀಮೆಯಲ್ಲಿ ಏರುಮಡಿ

ಹಿತ್ತಲಿನ ನೆಲಮಟ್ಟಕ್ಕಿಂತ ಮಣ್ಣನ್ನು ಎತ್ತರಿಸಿ, ಸುತ್ತ ಕಲ್ಲಿನ ಅಥವಾ ಹಲಗೆಯ ಅಂಚು ಕಟ್ಟಿ ತರಕಾರಿ ಬೆಳೆಯುವ ಪಾತಿಯನ್ನು ಏರುಮಡಿ ಎನ್ನುತ್ತಾರೆ. ಹೊಸದುರ್ಗದ ಸೀಮೆಗೆ ಇದು ತೀರ ಹೊಸದಲ್ಲ. ಮೆಣಸಿನಕಾಯಿ, ಬದನೆ ಸಸಿಗಳನ್ನು ಎಬ್ಬಿಸುವ ಒಟ್ಲು ಪಾತಿಯನ್ನೂ ರೈತರು ನೆಲಕ್ಕಿಂತ ತುಸು ಎತ್ತರಕ್ಕೇ ಮಾಡುತ್ತಾರೆ, ಏಕೆಂದರೆ ನೀರು ನಿಂತರೆ ಎಳೆಸಸಿಯ ಬುಡ ಕೊಳೆತು ಅದು ಒರಗಿಬಿಡುತ್ತದೆ.

ನೀರನ್ನು ಬೇಗ ಬಸಿದುಬಿಡುವುದು ಏರುಮಡಿಯ ಮುಖ್ಯ ಗುಣ. ಮಲೆನಾಡಿಗೆ ವರವಾದ ಈ ಗುಣವೇ ಮಳೆನೆರಳಿನ ಈ ಸೀಮೆಯಲ್ಲಿ ತೊಡಕಾಗಬಲ್ಲದು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು ಎಂಬುದೊಂದೇ ಇಲ್ಲಿನ ನೀರಿನ ಸ್ಥಿತಿಯನ್ನು ಹೇಳುತ್ತದೆ. ಆದ್ದರಿಂದ ಸೊಂಟದೆತ್ತರದ ತೊಟ್ಟಿಗಳಿಗಿಂತ ಒಂದಡಿಯೊಳಗಿನ ಮಡಿಯೇ ಇಲ್ಲಿಗೆ ಮೇಲು. ಅಗಲ ಮೂರು-ನಾಲ್ಕು ಅಡಿ ಮೀರದಿದ್ದರೆ ಎರಡೂ ಬದಿಯಿಂದ ಕೈ ಎಟುಕುತ್ತದೆ, ಮಡಿಯೊಳಗೆ ಕಾಲಿಡುವ ಪ್ರಸಂಗ ಬರುವುದಿಲ್ಲ. ತುಳಿಯದ ಮಣ್ಣು ಸಡಿಲವಾಗಿಯೇ ಉಳಿದು ಬೇರು ಆಳಕ್ಕಿಳಿಯುತ್ತದೆ.

ತೇವವನ್ನು ಹಿಡಿದಿಡುವ ವಸ್ತು ಈ ತೆಂಗಿನ ಸೀಮೆಯಲ್ಲಿ ಕೈಯಳತೆಯಲ್ಲೇ ಇದೆ. ಸಿಪ್ಪೆಯಿಂದ ನಾರು ತೆಗೆದಾಗ ಉದುರುವ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಕೊಳ್ಳುತ್ತದೆ. ಆದರೆ ಹಸಿ ಪುಡಿಯನ್ನು ನೆನೆಸಿ ಹಿಂಡಿದರೆ ಬೆರಳ ಸಂದಿನಿಂದ ಚಹಾದ ಡಿಕಾಕ್ಷನ್ನಿನಂಥ ಕಂದು ನೀರು ಇಳಿಯುತ್ತದೆ. ಅದರಲ್ಲಿ ಬೇರಿಗೆ ಹಿತವಲ್ಲದ ಒಗರಿನ ಅಂಶವೂ ಲವಣವೂ ಇರುತ್ತವೆ. ಇದಕ್ಕಿಂತ ದೊಡ್ಡ ಕೊರತೆ ಸಾರಜನಕದ್ದು, ಅಂದರೆ ಎಲೆಗೆ ಹಸಿರು ಕೊಡುವ ಪೋಷಕಾಂಶದ್ದು: ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು ನೂರು ಪಾಲು ಇಂಗಾಲವಿರುವುದರಿಂದ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಸಿದುಕೊಂಡು ಗಿಡ ಹಳದಿಗೆ ತಿರುಗುತ್ತದೆ. ಸಗಣಿಯೊಡನೆ ಹಾಕಿ, ತೇವ ಆರದಂತೆ ನೋಡಿಕೊಂಡು ಕೆಲವು ತಿಂಗಳು ಕೊಳೆಸಿದ ಪುಡಿಯನ್ನಷ್ಟೇ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರಗಳೊಡನೆ ಬೆರೆಸಬೇಕು. ಇಲ್ಲಿ ಅವಸರ ಸಲ್ಲದು.

ರೋಗದ ವಿಷಯದಲ್ಲಿ ತಳಿಯ ಆಯ್ಕೆಯೇ ಮೊದಲ ರಕ್ಷೆ. ಬೆಂಡೆಗೆ ಬರುವ ಹಳದಿ ನಂಜು ರೋಗವನ್ನು ತಡೆಯಬಲ್ಲ ಅರ್ಕಾ ಅನಾಮಿಕ ತಳಿಯನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೀಡಿದೆ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಒಂದೇ ಕುಟುಂಬದವಾದ್ದರಿಂದ ಒಂದು ತೆಗೆದ ಮಡಿಗೆ ಇನ್ನೊಂದನ್ನು ಹಾಕದೆ ಹುರುಳಿಕಾಯಿಯನ್ನೋ ಸೊಪ್ಪನ್ನೋ ಬಿತ್ತುವುದು ಒಳಿತು.

ಬೇಸಿಗೆಯಲ್ಲಿ ಮಡಿಯ ಮೇಲೆ ನಾಲ್ಕು ಬೆರಳು ದಪ್ಪ ಒಣಹುಲ್ಲನ್ನೋ ಕತ್ತರಿಸಿದ ತೆಂಗಿನ ಗರಿಯನ್ನೋ ಹೊದಿಸಬೇಕು. ಸಂಜೆ ಹೊದಿಕೆಯ ಕೆಳಗೆ ಬೆರಳು ತೂರಿಸಿದಾಗ ಮಣ್ಣು ತಂಪಾಗಿ ಬೆರಳಿಗೆ ಅಂಟಿದರೆ ಆ ದಿನ ನೀರು ಹಾಕುವ ಅಗತ್ಯವಿಲ್ಲ.