ಹಿರಿಯ ನಾಗರಿಕರ ಒಂಟಿತನ: ನೆರೆಹೊರೆಯ ಯುವಜನರಿಗೂ ಅರ್ಜಿದಾರರಿಗೂ ಮಾಹಿತಿ

ಹಿರಿಯ ನಾಗರಿಕರಿಗೆ ಗುರುತಿನ ಚೀಟಿ, ಸಂಧ್ಯಾ ಸುರಕ್ಷಾ ಮಾಸಾಶನ, ಸಾರಿಗೆ ನಿಗಮದ ಬಸ್ಸುಗಳಲ್ಲಿ ಶೇ. 25ರ ರಿಯಾಯಿತಿ ಮುಂತಾದ ಸೌಲಭ್ಯಗಳನ್ನು ಸರ್ಕಾರವು ಕಲ್ಪಿಸಿದೆ. ಆದರೆ ಸಂಜೆಯ ಹೊತ್ತು ಮಾತನಾಡಲು ಒಬ್ಬರೂ ಇಲ್ಲವೆಂಬ ಕೊರತೆಯನ್ನು ಯಾವ ಅರ್ಜಿ ನಮೂನೆಯೂ ನೀಗಿಸಲಾರದು. ಅದು ನೀಗಬೇಕಾದುದು ಪಕ್ಕದ ಮನೆಯಿಂದಲೇ.

ಹೊಸಪೇಟೆಯಲ್ಲಿ ಮಕ್ಕಳು ಉದ್ಯೋಗಕ್ಕೆಂದು ಬೆಂಗಳೂರು, ಹೈದರಾಬಾದುಗಳಿಗೆ ತೆರಳಿ, ವೃದ್ಧ ತಂದೆತಾಯಿಗಳಷ್ಟೇ ಉಳಿದಿರುವ ಮನೆಗಳುಂಟು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ಸಂಡೂರಿನ ಗಣಿಗಳಿಗೆ ದೂರದ ಊರುಗಳಿಂದ ಬಂದು ಬಾಡಿಗೆ ಕೊಠಡಿಗಳಲ್ಲಿ ವಾಸಿಸುವ ಯುವಕರೂ ಇದ್ದಾರೆ. ವಿಶ್ವದಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದು, ಹದಿಹರೆಯದವರು ಹಾಗೂ ಯುವಜನರಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ತಿಳಿಸುತ್ತದೆ. ಆದ್ದರಿಂದ ಇದನ್ನು ಹಿರಿಯರ ಸಮಸ್ಯೆ ಎಂದಷ್ಟೇ ಭಾವಿಸುವುದು ಸರಿಯಲ್ಲ.

ಸ್ಥಳಾಂತರದಿಂದಲೂ ನೆರೆಹೊರೆ ಚದುರುತ್ತದೆ. ಹಂಪಿ ಬಜಾರಿನಲ್ಲಿ ವಾಸವಿದ್ದ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಿ, ಕಡ್ಡಿರಾಂಪುರದ ಬಳಿ ಪುನರ್ವಸತಿ ಕಲ್ಪಿಸಲಾಯಿತು. ನಿವೇಶನವನ್ನು ಅಳತೆ ಮಾಡಿ ಹಂಚಬಹುದು. ಕಟ್ಟೆಯ ಮೇಲಿನ ಒಡನಾಟವನ್ನು ಹಾಗೆ ಹಂಚಲು ಬರುವುದಿಲ್ಲ.

ಪರಿಚಯಕ್ಕೆ ಅರ್ಜಿಯ ಕೆಲಸವೇ ಒಂದು ನೆಪವಾಗಬಹುದು. 60 ವರ್ಷ ಮೇಲ್ಪಟ್ಟವರ ಗುರುತಿನ ಚೀಟಿಗೆ ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸಬೇಕಾಗಿದ್ದು, ಮೊಬೈಲ್ ಬಳಕೆ ತಿಳಿಯದ ಹಿರಿಯರು ಇಲ್ಲಿಯೇ ಹಿಂಜರಿಯುತ್ತಾರೆ. ನೆರೆಯ ವಿದ್ಯಾರ್ಥಿಯೊಬ್ಬರು ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಈ ಕೆಲಸ ಮುಗಿಯುತ್ತದೆ. ನಾಡಕಚೇರಿಗೆ ಜೊತೆಯಲ್ಲಿ ಹೋಗುವುದು, ಮಾಸಾಶನ ಖಾತೆಗೆ ಜಮೆಯಾಗಿದೆಯೇ ಎಂದು ಪಾಸ್‌ಬುಕ್ ನೋಡಿ ಹೇಳುವುದು ಸಹ ದೊಡ್ಡ ಉಪಕಾರವೇ. ಆದರೆ ಎಷ್ಟೇ ಪರಿಚಿತರಾದರೂ ಎ.ಟಿ.ಎಂ. ಪಿನ್ ಅಥವಾ ಒ.ಟಿ.ಪಿ.ಯನ್ನು ಹಿರಿಯರು ಹೇಳಕೂಡದು, ಕಿರಿಯರೂ ಕೇಳಕೂಡದು.

ಇದು ಒಮ್ಮುಖ ಉಪಕಾರವಲ್ಲ. ನಿವೃತ್ತ ಶಿಕ್ಷಕರು ಬೀದಿಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡಬಹುದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಾಗ ಬಾಲಕರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಮುಳುಗಡೆಯಾದ ಹಳ್ಳಿಗಳ ಸಂಗತಿಯನ್ನು ಅವರಿಂದ ನೇರವಾಗಿ ಕೇಳುವ ಅವಕಾಶ ಹೆಚ್ಚು ಕಾಲ ಇರುವುದಿಲ್ಲ.

ಅಪಾಯದ ವೇಳೆಯಲ್ಲಿ ಈ ಪರಿಚಯದ ಬೆಲೆ ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನದಿಪಾತ್ರದ ಜನರಿಗೆ ಎಚ್ಚರಿಕೆ ನೀಡಲಾಯಿತು. ಹೆಚ್ಚಿನ ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯೂ ಮುಳುಗುವುದುಂಟು. ಅಂತಹ ರಾತ್ರಿ ಯಾವ ಮನೆಯಲ್ಲಿ ಅಜ್ಜಿಯೊಬ್ಬರೇ ಇದ್ದಾರೆ, ಯಾರಿಗೆ ಕಿವಿ ಕೇಳಿಸದು ಎಂಬುದು ಮೊದಲು ನೆರೆಯವರಿಗೆ ತಿಳಿದಿರಬೇಕು.

ಮಕ್ಕಳಿಂದ ನಿರ್ಲಕ್ಷ್ಯಕ್ಕೆ ಒಳಗಾದ ಹಿರಿಯರು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮದಡಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ತಾವೇ ಸಲ್ಲಿಸಲು ಅಶಕ್ತರಾದಲ್ಲಿ, ಅವರಿಂದ ಅಧಿಕಾರ ಪಡೆದ ಬೇರೆ ವ್ಯಕ್ತಿಯೂ ಸಲ್ಲಿಸಲು ಅವಕಾಶವಿದೆ. ಆ ವ್ಯಕ್ತಿ ನೆರೆಯವರೂ ಆಗಿರಬಹುದು.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ ಮತ್ತು ಹಂಪಿಯ ನಿವಾಸಿಗಳು ಹೊಸಪೇಟೆಯಲ್ಲಿರುವ ಜಿಲ್ಲಾ ಕಚೇರಿಯನ್ನು, ಸಂಡೂರು ಮತ್ತು ಕಂಪ್ಲಿಯ ನಿವಾಸಿಗಳು ಬಳ್ಳಾರಿಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ಹಿರಿಯ ನಾಗರಿಕರ ಉಚಿತ ಸಹಾಯವಾಣಿ: 14567. ತುರ್ತು ಸಂದರ್ಭದಲ್ಲಿ: 112.